ಯಾರೂ ಕೇಳೋಕೆ ಆಗದ ದೇಶದಲ್ಲಿ ಆಸ್ತಿ ವಿವರ ಯಾರಿಗೋಸ್ಕರ?

ಹೇಮಾವತಿ ದಂಡೆ (ಹಾಸನ) · ಶನಿವಾರ ರಾತ್ರಿ 9:40
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಹಾಸನದಲ್ಲಿ ಬಿ.ಎ. ಓದುತ್ತಿದ್ದಾಳೆ, ರಾಜ್ಯಶಾಸ್ತ್ರ ತಗೊಂಡಿದ್ದಾಳೆ. ನಿನ್ನೆ ರಾತ್ರಿ ನಾನು ರೊಟ್ಟಿ ತಟ್ಟುತ್ತಿದ್ದಾಗ ಪಕ್ಕಕ್ಕೆ ಬಂದು ಕೂತು ಒಂದು ಪ್ರಶ್ನೆ ಹಾಕಿದಳು.

"ಅಮ್ಮ, ರಷ್ಯಾದ ಪುಟಿನ್ ವರ್ಷಾ ವರ್ಷಾ ಆಸ್ತಿ ವಿವರ ಕೊಡ್ತಿದ್ದರಂತೆ. ಅದರಲ್ಲಿ ಇರೋದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 77 ಚದರ ಮೀಟರ್‌ನ ಒಂದು ಫ್ಲಾಟು, ಒಂದು ಗ್ಯಾರೇಜು, ಎರಡು ಹಳೇ ವೋಲ್ಗಾ ಕಾರು, ಒಂದು ನಿವಾ ಕಾರು, ಒಂದು ಟ್ರೇಲರ್. ಅಷ್ಟೇ."

77 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಎಂಟು ಚದರದ ಮೇಲೆ ಸ್ವಲ್ಪ. ನಮ್ಮ ಬೀದಿಯಲ್ಲೇ ಅದಕ್ಕಿಂತ ದೊಡ್ಡ ಮನೆಗಳಿವೆ. ಅವಳ ಪ್ರಶ್ನೆ ಇಷ್ಟು: "ಅದನ್ನ ಯಾರೂ ನಂಬಲ್ಲ. ಸುಳ್ಳು ಅಂತ ಕೇಳೋಕೂ ಯಾರಿಗೂ ಆಗಲ್ಲ. ಓಟು ಹಾಕಿ ಇಳಿಸೋಕೂ ಆಗಲ್ಲ. ಹಾಗಿದ್ದ ಮೇಲೆ ಯಾಕಮ್ಮ ಬರೆದು ಕೊಡ್ತಿದ್ದರು? ಅವರೊಬ್ಬರೇ ಅಲ್ಲ, ಕೆಳಗಿನ ಅಧಿಕಾರಿಗಳ ಕೈಲೂ ಯಾಕೆ ಬರೆಸ್ತಿದ್ದರು?"

ರೊಟ್ಟಿ ಸೀದು ಹೋಯಿತು, ಉತ್ತರ ಹೊಳೆಯಲಿಲ್ಲ. ತಿಳಿದವರು ಹೇಳಿ.

ಬೇಲೂರು ಬಸ್ಸು · 9:52
ಹೊರಗಿನವರಿಗೆ ತೋರಿಸೋಕೆ ಅಕ್ಕ. ಬೇರೆ ದೇಶದವರು ಬಾಯಿ ಮುಚ್ಚಲಿ ಅಂತ.

ಮೂಡಿಗೆರೆ ಮೇಷ್ಟ್ರು · 10:15
ಬಸ್ಸು ಹೇಳಿದ್ದು ಸ್ವಲ್ಪ ನಿಜ. ರಷ್ಯಾ 2006ರಲ್ಲಿ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದ ಒಪ್ಪಿಕೊಂಡಿತು. 2008ರ ಡಿಸೆಂಬರ್‌ನಲ್ಲಿ, ಮೆಡ್ವೆಡೆವ್ ಅಧ್ಯಕ್ಷರಾಗಿದ್ದಾಗ, ಭ್ರಷ್ಟಾಚಾರ ತಡೆ ಕಾನೂನು ಬಂತು. ಆಮೇಲೆ ಅಧಿಕಾರಿಗಳು, ಸಂಸದರು ಎಲ್ಲರೂ ಪ್ರತಿ ವರ್ಷ ವಿವರ ಕೊಡೋದು ಶುರುವಾಯಿತು. ತಮ್ಮದು, ಗಂಡ ಅಥವಾ ಹೆಂಡತಿಯದು, 18 ತುಂಬದ ಮಕ್ಕಳದು. 2012ರಲ್ಲಿ ಇನ್ನೊಂದು ಕಾನೂನು ಸೇರಿತು. ಮನೆ, ಕಾರು, ಷೇರಿಗೆ ಕುಟುಂಬದ ಮೂರು ವರ್ಷದ ಆದಾಯಕ್ಕಿಂತ ಜಾಸ್ತಿ ಖರ್ಚು ಮಾಡಿದರೆ ದುಡ್ಡು ಎಲ್ಲಿಂದ ಬಂತು ಅಂತ ಹೇಳಬೇಕು.

ಆದರೆ ಬರೀ ಹೊರಗಿನವರಿಗೆ ತೋರಿಸೋಕೆ ಆಗಿದ್ದರೆ ಹತ್ತು ಜನ ದೊಡ್ಡ ಮಂತ್ರಿಗಳ ಹೆಸರು ಹಾಕಿದ್ದರೆ ಸಾಕಾಗುತ್ತಿತ್ತು. ಎಲ್ಲೋ ಮೂಲೆಯ ಜಿಲ್ಲೆಯ ಅಧಿಕಾರಿಯ ಹೆಂಡತಿಯ ಗ್ಯಾರೇಜ್ ಎಷ್ಟು ಅಗಲ ಅಂತ ಯಾವ ವಿದೇಶದವರು ಓದುತ್ತಾರೆ? ಓದೋರು ಬೇರೆ ಇದ್ದಾರೆ. ಅವರು ಕೂತಿರೋದು ಮೇಲೆ.

ಅರಸೀಕೆರೆ ತೆಂಗು · 10:21
ನಮ್ಮಲ್ಲೇನು ಬೇರೆ ಇದೆಯಾ? ಚುನಾವಣೆ ಬಂದಾಗ ಎಲ್ಲರೂ ಅಫಿಡವಿಟ್ ಹಾಕುತ್ತಾರೆ. ಪೇಪರ್‌ನವರು "ಇಷ್ಟು ಕೋಟಿ ಒಡೆಯ, ಸ್ವಂತ ಕಾರಿಲ್ಲ" ಅಂತ ಬರೆಯುತ್ತಾರೆ. ಮಾರನೇ ದಿನ ಎಲ್ಲರೂ ಮರೆಯುತ್ತಾರೆ. ರಷ್ಯಾದವರನ್ನು ಸುಮ್ನೆ ಯಾಕೆ ಆಡಿಕೊಳ್ಳಬೇಕು?

ಲೆಕ್ಕದ ಪುಸ್ತಕ (ಚಿಕ್ಕಮಗಳೂರು) · 10:48
ತೆಂಗು ಅವರೇ, ಇದನ್ನು ನಾನು ಒಪ್ಪಲ್ಲ. ನಾನು ತೆರಿಗೆ ಕೆಲಸ ಮಾಡೋನು, ಈ ಕಾಗದಗಳ ಜೊತೆಯಲ್ಲೇ ಬದುಕುತ್ತೇನೆ.

ನಮ್ಮ ಅಫಿಡವಿಟ್ ಯಾವ ನಾಯಕರೂ ಮನಸ್ಸು ಮಾಡಿ ಕೊಟ್ಟಿದ್ದಲ್ಲ. ಎಡಿಆರ್ ಅನ್ನೋ ಸಂಸ್ಥೆ ಕೋರ್ಟಿಗೆ ಹೋಯಿತು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಹೇಳಿತು, ಅಭ್ಯರ್ಥಿಯ ಆಸ್ತಿ, ಸಾಲ, ಕೇಸು, ಓದು ಎಲ್ಲ ತಿಳಿಯೋದು ಮತದಾರರ ಹಕ್ಕು ಅಂತ. ಆಗ ಎಲ್ಲ ಪಕ್ಷದವರೂ ಸೇರಿ ಅದನ್ನು ಕಡಿಮೆ ಮಾಡೋ ತಿದ್ದುಪಡಿ ತಂದರು. 2003ರ ಮಾರ್ಚ್‌ನಲ್ಲಿ, ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಸ್ಥೆ ಹಾಕಿದ ಕೇಸಿನಲ್ಲಿ, ಕೋರ್ಟ್ ಅದನ್ನೂ ತಳ್ಳಿಹಾಕಿತು. ಈಗ ಅಫಿಡವಿಟ್ ಬರೆಯೋ ಫಾರಂ 26ರಲ್ಲಿ ಐದು ವರ್ಷದ ಐಟಿ ರಿಟರ್ನ್ಸ್ ಆದಾಯವನ್ನೂ ಬರೆಯಬೇಕು. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯಿದೆ 125ಎ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಹಾಸನದವರಿಗೆ ಇದನ್ನು ನಾನು ಹೇಳಬೇಕಾ? 2019ರ ಲೋಕಸಭಾ ಚುನಾವಣೆಯಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಅಸಿಂಧು ಮಾಡಿತು. ಅಫಿಡವಿಟ್‌ನಲ್ಲಿ ಆಸ್ತಿ ಪೂರ್ತಿ ತೋರಿಸಿಲ್ಲ ಅನ್ನೋದು ಮುಖ್ಯ ಆರೋಪ. ಕೋರ್ಟಿಗೆ ಹೋದವರಲ್ಲಿ ಒಬ್ಬರು ಸೋತ ಅಭ್ಯರ್ಥಿ, ಇನ್ನೊಬ್ಬರು ಬರೀ ಮತದಾರ. ರಷ್ಯಾದಲ್ಲಿ ಒಬ್ಬ ಮತದಾರ ಹೀಗೆ ಹೋಗಿ ಸಂಸದರ ಆಯ್ಕೆ ರದ್ದು ಮಾಡಿಸಲಿ ನೋಡೋಣ.

ಅರಸೀಕೆರೆ ತೆಂಗು · 10:55
ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದನ್ನೂ ಬರೆಯಿರಿ. ಐದು ವರ್ಷದ ಅವಧಿ ಮುಗಿಯಿತು. ನಾಲ್ಕು ವರ್ಷ ಕೋರ್ಟಿಗೆ ಅಲೆದು ಕೊನೆಗೆ ಆಗಿದ್ದು ಅದು.

ಲೆಕ್ಕದ ಪುಸ್ತಕ · 11:02
ನಿಜ, ನಿಧಾನ ಆಯಿತು, ನನಗೂ ಸಂಕಟ ಇದೆ. ಆದರೆ ಆ ಕಾಗದ ನಿಮ್ಮ ಕೈಗೂ ಸಿಗುತ್ತದೆ, ನನ್ನ ಕೈಗೂ ಸಿಗುತ್ತದೆ. ನಾನು ಹೇಳುತ್ತಿರೋದು ಅದನ್ನೇ.

ರೈಟರ್ ಮಗ (ಸಕಲೇಶಪುರ ಕಡೆ) · 11:30
ಮೇಷ್ಟ್ರು "ಓದೋರು ಮೇಲೆ ಇದ್ದಾರೆ" ಅಂದರಲ್ಲ, ಅದಕ್ಕೆ ನನಗೊಂದು ನೆನಪಾಯಿತು. ಸ್ವಲ್ಪ ಉದ್ದ ಆಗುತ್ತದೆ.

ನಮ್ಮಪ್ಪ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಹೆಸರು ಬೇಡ. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಬರೆಯೋದು, ಶನಿವಾರ ಬಟವಾಡೆ ಮಾಡೋದು, ಕಣದಲ್ಲಿ ಒಣಗಿದ ಕಾಫಿ, ಮೆಣಸು ತೂಗಿ ಲೆಕ್ಕ ಇಡೋದು ಅವರ ಕೆಲಸ. ನಾವು ಬೆಳೆದಿದ್ದು ಆಳುಗಳ ಲೈನ್ ಮನೆ ಪಕ್ಕದ ಎರಡು ರೂಮಿನಲ್ಲಿ.

ಸಾಹುಕಾರರ ಹತ್ತಿರ ಒಂದು ಪುಟ್ಟ ಕೆಂಪು ನೋಟ್‌ಬುಕ್ ಇತ್ತು. ಅಂಗಿ ಜೇಬಿಗೆ ಹಿಡಿಯುವಷ್ಟು. ಮೂಲೆಗಳೆಲ್ಲ ಬೆವರಿಗೆ ಕಪ್ಪಾಗಿದ್ದವು. ತೋಟದ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಮೆಣಸು ಒಣಗುವ ಕಾಲದಲ್ಲಿ ಮೇಸ್ತ್ರಿ ಆಗಾಗ ಒಂದು ಸೇರು, ಅರ್ಧ ಸೇರು ಪಂಚೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ಸಾಹುಕಾರರಿಗೂ ಗೊತ್ತಿತ್ತು. ಅವರು ಬೈಯಲಿಲ್ಲ, ತಡೆಯಲಿಲ್ಲ. ಜೇಬಿನಿಂದ ನೋಟ್‌ಬುಕ್ ತೆಗೆದು ಒಂದು ಸಾಲು ಬರೆದುಕೊಂಡು ಮತ್ತೆ ಜೇಬಿಗೆ ಹಾಕುತ್ತಿದ್ದರು.

ಮೂರು ವರ್ಷ ಹೀಗೇ ನಡೆಯಿತು. ಒಂದು ಸಲ ಕೂಲಿ ಜಾಸ್ತಿ ಮಾಡಿ ಅಂತ ಆಳುಗಳು ಕೆಲಸ ನಿಲ್ಲಿಸಿದರು. ಮೇಸ್ತ್ರಿ ಅವರ ಮುಂದೆ ನಿಂತ. ಅವನ ಮಾತಿಗೆ ಲೈನ್‌ನವರೆಲ್ಲ ಬೆಲೆ ಕೊಡುತ್ತಿದ್ದರು. ಸಾಹುಕಾರರು ಕಣದ ಕಟ್ಟೆ ಮೇಲೆ ಕೂತು ನೋಟ್‌ಬುಕ್ ತೆಗೆದು ಓದಿದರು. ತಾರೀಕು, ಸೇರು. ತಾರೀಕು, ಸೇರು. ದನಿ ಏರಿಸಲೇ ಇಲ್ಲ. ಆ ಸಂಜೆಯೇ ಮೇಸ್ತ್ರಿ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಪಾತ್ರೆ ಗಂಟು ಹೊತ್ತುಕೊಂಡು ಲೈನ್ ಮನೆ ಬಿಟ್ಟ. ಕೂಲಿ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಕಳ್ಳತನ ತಡೆಯೋದು ಆ ನೋಟ್‌ಬುಕ್‌ನ ಕೆಲಸ ಆಗಿರಲಿಲ್ಲ. ಕದ್ದವನನ್ನು ಕೈಯಲ್ಲಿ ಇಟ್ಟುಕೊಳ್ಳೋದು ಅದರ ಕೆಲಸ. ಪುಟಿನ್ ದೇಶದ ಕಾಗದವೂ ಅಂಥದ್ದೇ ಅಂತ ನನಗೆ ಅನಿಸುತ್ತದೆ.

ಕಾಫಿ ಕಣ · 11:34
ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಕಡೆಯೂ ಇಂಥ ನೋಟ್‌ಬುಕ್‌ಗಳಿದ್ದವು.

ಆಲೂರು ಹುಡುಗಿ · ಭಾನುವಾರ ಬೆಳಿಗ್ಗೆ 7:10
ರಾತ್ರಿ ಆನೆ ಬಂದು ಲೈನ್ ಕಂಬ ಬೀಳಿಸಿತ್ತು, ಕರೆಂಟ್ ಇರಲಿಲ್ಲ, ಈಗ ಎಲ್ಲ ಓದಿದೆ. ರೈಟರ್ ಮಗ ಅಣ್ಣಾ, ನೀವು ಬರೆದಿದ್ದು ಚೆನ್ನಾಗಿ ಅರ್ಥ ಆಯಿತು. ಆದರೆ ಒಂದು ಅನುಮಾನ. ಮೇಸ್ತ್ರಿ ತಾನಾಗಿ ಬರೆದು ಕೊಡಲಿಲ್ಲ, ಸಾಹುಕಾರರು ನೋಡಿ ಬರೆದುಕೊಂಡರು. ರಷ್ಯಾದಲ್ಲಿ ಅವರವರೇ ಬರೆದು ಕೊಡುತ್ತಿದ್ದರು. ಅದರಲ್ಲೂ ಕೆಲವು ಸಂಸದರು ನೂರಾರು ಕೋಟಿ ರೂಬಲ್ ಇದೆ ಅಂತ ರಾಜಾರೋಷವಾಗಿ ತೋರಿಸುತ್ತಿದ್ದರು. ಫೋರ್ಬ್ಸ್ ಪತ್ರಿಕೆಯವರು ಅದನ್ನೇ ಇಟ್ಟುಕೊಂಡು ಪ್ರತಿ ವರ್ಷ ಶ್ರೀಮಂತ ಅಧಿಕಾರಿಗಳ ಪಟ್ಟಿ ಹಾಕುತ್ತಿದ್ದರು. ಹಗ್ಗಕ್ಕೆ ತಾವೇ ಕೊರಳು ಕೊಡೋದು ಯಾಕೆ?

ಮೂಡಿಗೆರೆ ಮೇಷ್ಟ್ರು · 8:05
ಒಳ್ಳೇ ಪ್ರಶ್ನೆ ಮಗೂ. ನನಗೆ ಕಾಣೋದು ಹೇಳುತ್ತೇನೆ.

ಬರೆದು ಕೊಡೋದೇ ಒಂದು ಮಾತು. "ನಿಮ್ಮಿಂದ ನಾನು ಏನೂ ಮುಚ್ಚಿಟ್ಟಿಲ್ಲ, ನನ್ನದೆಲ್ಲ ನಿಮ್ಮ ಕಣ್ಣ ಮುಂದಿದೆ" ಅಂತ ಮೇಲಿನವರಿಗೆ ಹೇಳೋದು. ಜಾಸ್ತಿ ತೋರಿಸಿದವನೂ ಒಂದು ಸಂದೇಶ ಕೊಡುತ್ತಿದ್ದಾನೆ: ನಾನು ಇಷ್ಟು ಮಾಡಿಕೊಂಡಿದ್ದೇನೆ, ಬಚ್ಚಿಟ್ಟಿಲ್ಲ, ನನಗೆ ಭಯ ಇಲ್ಲ, ಯಾಕೆಂದರೆ ನಾನು ನಿಮ್ಮವನು. ಕಡಿಮೆ ತೋರಿಸಿದವನು ಸರಳತೆಯ ವೇಷ ಹಾಕುತ್ತಾನೆ. ಯಾವ ವರ್ಷ ಯಾವುದು ಮೇಲಿನವರಿಗೆ ಹಿಡಿಸುತ್ತದೆ ಅನ್ನೋದು ಅಧಿಕಾರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅದಕ್ಕಿಂತ ಮುಖ್ಯ, ಆಸ್ತಿ ಎಲ್ಲಿದೆ ಅನ್ನೋದು. 2013ರ ಮೇನಲ್ಲಿ ರಷ್ಯಾ ಇನ್ನೊಂದು ಕಾನೂನು ತಂದಿತು. ಅಧಿಕಾರಿಗಳು, ಸಂಸದರು ವಿದೇಶಿ ಬ್ಯಾಂಕಿನಲ್ಲಿ ಖಾತೆ ಇಡುವಂತಿಲ್ಲ. ವಿದೇಶದಲ್ಲಿ ಮನೆ ಇದ್ದರೆ ತೋರಿಸಬೇಕು. ಅದಕ್ಕೆ ಮೂರು ತಿಂಗಳ ಮುಂಚೆ ವ್ಲಾದಿಮಿರ್ ಪೆಖ್ತಿನ್ ಅನ್ನೋ ಸಂಸದರಿಗೆ ಫ್ಲಾರಿಡಾದಲ್ಲಿ ಮನೆಗಳಿವೆ ಅಂತ ಪುಟಿನ್ ವಿರೋಧಿ ನಾಯಕ ಅಲೆಕ್ಸೈ ನವಾಲ್ನಿ ದಾಖಲೆ ಸಮೇತ ಹಾಕಿದ್ದರು. ಆ ಪೆಖ್ತಿನ್ ಸಂಸದರ ನಡತೆ ನೋಡೋ ನೀತಿ ಸಮಿತಿಗೆ ಅಧ್ಯಕ್ಷರು. ರಾಜೀನಾಮೆ ಕೊಟ್ಟು ಹೋದರು.

ದುಡ್ಡು ಹೊರಗಿದ್ದರೆ ಮನುಷ್ಯ ಯಾವತ್ತಾದರೂ ಹೊರಟು ಹೋಗಬಹುದು, ಎದುರು ಮಾತಾಡಬಹುದು. ಎಲ್ಲ ಇಲ್ಲೇ ಇದ್ದರೆ ಗೂಟಕ್ಕೆ ಕಟ್ಟಿದ ದನ. ಹಗ್ಗ ಎಷ್ಟು ಉದ್ದ ಇದೆಯೋ ಅಷ್ಟೇ ಮೇಯಬೇಕು. ಆ ಕಾಗದದಲ್ಲಿ ಅಧಿಕಾರಿ ಬರೆಯೋದು ಗೂಟ ಎಲ್ಲಿದೆ ಅಂತ.

ಬೇಲೂರು ಬಸ್ಸು · 8:20
ಕಾರಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, ಡ್ರೈವರ್ ಕೆಲಸದಲ್ಲಿ ಇರೋನು ನಾನು. 2010ರ ಆಗಸ್ಟ್‌ನಲ್ಲಿ ಪುಟಿನ್ ಹಳದಿ ಬಣ್ಣದ ಲಾಡಾ ಕಲಿನಾ ಓಡಿಸಿಕೊಂಡು ಸೈಬೀರಿಯಾ ಕಡೆಯ ಹೊಸ ಹೆದ್ದಾರಿಯಲ್ಲಿ ಸಾವಿರಾರು ಕಿಲೋಮೀಟರ್ ಹೋಗಿದ್ದರು. ದೇಶದ ಕಾರು, ನೋಡಿ ಎಷ್ಟು ಚೆನ್ನಾಗಿದೆ ಅಂತ. ದಾರಿಯಲ್ಲಿ ಜನ ತೆಗೆದ ವಿಡಿಯೋದಲ್ಲಿ ಹಿಂದೆ ಬೆಂಗಾವಲಿನಲ್ಲಿ ಇನ್ನೊಂದು ಹಳದಿ ಕಲಿನಾ ಕಾಣುತ್ತಿತ್ತು, ಲಾರಿ ಮೇಲೆ ಹೇರಿದ್ದು ಬೇರೆ. 2023ರ ಆಗಸ್ಟ್‌ನಲ್ಲಿ ಮತ್ತೆ ಹೇಳಿದರು, ಅಧಿಕಾರಿಗಳೆಲ್ಲ ದೇಶದ ಕಾರನ್ನೇ ಓಡಿಸಬೇಕು ಅಂತ. ಹಾಗೆ ಹೇಳಿದ ಮೇಲೆ ಆಸ್ತಿ ವಿವರದಲ್ಲಿ ಜರ್ಮನ್ ಕಾರು ಬರೆಯೋಕೆ ಯಾವ ಅಧಿಕಾರಿಗೆ ಕೈ ಬರುತ್ತದೆ?

ಮೇಷ್ಟ್ರೇ, ನನ್ನ ಮೊದಲ ಮಾತು ವಾಪಸ್ ತಗೋತೀನಿ. ಹೊರಗಿನವರಿಗೆ ಅಲ್ಲ.

ಕಾಫಿ ಕಣ · 8:41
ನಮ್ಮಲ್ಲಿ ದುಡ್ಡು ಮುಚ್ಚಿಡೋಕೆ ಕೃಷಿ ಆದಾಯ ಅಂತ ಒಂದು ದಾರಿ ಇದೆಯಲ್ಲ. ರಾಜಕಾರಣಿಗಳ ಅಫಿಡವಿಟ್ ತೆಗೆದು ನೋಡಿ, ವ್ಯವಸಾಯ ವ್ಯವಸಾಯ ಅಂತ ಎಷ್ಟು ಬರೆದಿರುತ್ತಾರೆ. ನಾವು ಬೆನ್ನು ಮುರಿದು ಕಾಫಿ ಬೆಳೆಯೋರು, ನಮಗೆ ಮಳೆ ಕೈಕೊಟ್ಟ ವರ್ಷವೂ ಅವರ ತೋಟದಲ್ಲಿ ಬೆಳೆ ತುಂಬಿ ತುಳುಕುತ್ತದೆ. ಕೃಷಿಗೆ ತೆರಿಗೆ ಇಲ್ಲ, ಕಾಫಿಗೂ ಇಲ್ಲ, ಕೇಳೋರಿಲ್ಲ.

ಲೆಕ್ಕದ ಪುಸ್ತಕ · 8:50
ಕಾಫಿಗೆ ಪೂರ್ತಿ ಇಲ್ಲ ಅನ್ನೋದು ತಪ್ಪು. ಹಣ್ಣು ಅಥವಾ ಪಾರ್ಚ್‌ಮೆಂಟ್ (ಹೊಟ್ಟಿನ ಸಮೇತ ಒಣಗಿಸಿದ ಬೀಜ) ಹಾಗೇ ಮಾರಿದರೆ ಅದು ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ ಮಾಡಿಸಿ, ಅಂದರೆ ಹೊಟ್ಟು ತೆಗೆಸಿ ಹದ ಮಾಡಿಸಿ, ಮಾರಿದರೆ ಆದಾಯ ತೆರಿಗೆ ನಿಯಮದ ಪ್ರಕಾರ ಲಾಭದ ಶೇ 25 ಭಾಗಕ್ಕೆ ತೆರಿಗೆ ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಇದನ್ನು ಬಹಳ ವರ್ಷ ನೋಡಿಕೊಂಡು ಬಂದಿದ್ದೇನೆ.

ನಿಮ್ಮ ಸಿಟ್ಟು ಮಾತ್ರ ಸರಿ. ಒಂದು ಎಕರೆಗೆ ಎಷ್ಟು ಚೀಲ ಬರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಅಫಿಡವಿಟ್‌ನಲ್ಲಿ ಎಕರೆ ಇದೆ, ಆದಾಯವೂ ಇದೆ. ಭಾಗಿಸಿ ನೋಡಿದರೆ ಯಾರು ಬೆಳೆದಿದ್ದಾರೆ, ಯಾರು ಬರೆದಿದ್ದಾರೆ ಅಂತ ತಿಳಿಯುತ್ತದೆ. ಆ ಕೆಲಸ ನಾವೇ ಮಾಡಬೇಕು.

ಕಾಫಿ ಕಣ · 8:58
ಈ ಸಲ ರೊಬಸ್ಟಾಗೆ ನಿಮ್ಮ ಕಡೆ ಏನು ಹೇಳುತ್ತಿದ್ದಾರೆ? ನಮ್ಮಲ್ಲಿ ವ್ಯಾಪಾರಿ ಒಂದೊಂದು ದಿನ ಒಂದೊಂದು ರೇಟು ಹೇಳುತ್ತಿದ್ದಾನೆ.

ನಿರ್ವಾಹಕರು · 9:05
ಕಾಫಿ ರೇಟಿಗೆ ಬೇರೆ ಚರ್ಚೆ ಇದೆ, ಅಲ್ಲಿ ಹಾಕಿ. ಇನ್ನೊಂದು ಮಾತು, ನಮ್ಮ ಜಿಲ್ಲೆಯ ಪಕ್ಷಗಳ ಜಗಳ ಇಲ್ಲಿಗೆ ತರಬೇಡಿ. ರಾತ್ರಿ ಎರಡು ಕಾಮೆಂಟ್ ತೆಗೆದಿದ್ದೇನೆ.

ಕೋಟೆ ಬೀದಿ ಅಜ್ಜ (ಚಿಕ್ಕಮಗಳೂರು) · 9:47
ನನಗೆ ಎಪ್ಪತ್ತು ದಾಟಿದೆ. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ತುರ್ತು ಪರಿಸ್ಥಿತಿಯಲ್ಲಿ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಸಂತಾನಹರಣ ಆಪರೇಷನ್ ಎಷ್ಟಾಯಿತು ಅಂತ ವಾರ ವಾರ ಪಟ್ಟಿ ಹೋಗಬೇಕಿತ್ತು. ಮಧ್ಯೆ ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆಯುತ್ತಿದ್ದೆ. ಒಂದು ಮೇಲಿನ ಕಚೇರಿಗೆ, ಒಂದು ಅದರ ಮೇಲಿನವರಿಗೆ, ಒಂದು ಫೈಲಿಗೆ. ಒಂದು ವಾರ ಹೊಡೆಯುವಾಗ ನೋಡಿದೆ, ಒಂದೇ ಹೆಸರು, ಒಂದೇ ತಂದೆ ಹೆಸರು, ಎರಡು ಊರಿನಲ್ಲಿ ಇದೆ. ಸಾಹೇಬರಿಗೆ ತೋರಿಸಿದೆ. ಅವರು ನನ್ನ ಮುಖ ನೋಡಿ "ನೀನು ಹೊಡಿ" ಅಂದರು, ಅಷ್ಟೇ. ಆ ಪಟ್ಟಿ ಸರಿ ಇರಬೇಕು ಅಂತ ಮೇಲಿನವರಿಗೂ ಬೇಕಿರಲಿಲ್ಲ. ಕೆಳಗಿನವನು ಹೇಳಿದ್ದು ಕೇಳುತ್ತಾನಾ ಅಂತ ತಿಳಿಯಬೇಕಿತ್ತು.

ನಾನು ಹೊಡೆದ ಒಂದು ಪ್ರತಿಯೂ ನೋಟಿಸ್ ಬೋರ್ಡಿಗೆ ಹೋಗಲಿಲ್ಲ. ಪ್ರತಿ ಯಾರಿಗೆ ಹೋಗುತ್ತದೆ ನೋಡಿ, ಕಾಗದ ಯಾರಿಗೋಸ್ಕರ ಅಂತ ತಿಳಿಯುತ್ತದೆ.

ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಡಿ.ಕೆ. ಬರೂವಾ ಇಂದಿರಾ ಅಂದರೆ ಇಂಡಿಯಾ ಅಂದಿದ್ದರು. ಅದೂ ಜನಕ್ಕೆ ಹೇಳಿದ ಮಾತಲ್ಲ. ಒಬ್ಬರ ಕಿವಿಗೆ ಹೇಳಿದ್ದು. ಆದರೆ ನಮ್ಮಲ್ಲಿ 1977ರಲ್ಲಿ ಚುನಾವಣೆ ನಡೆಯಿತು, ಇಂದಿರಾ ಸೋತರು. ಮುಂದಿನ ವರ್ಷ ನವೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರಿಗೇ ಬಂದರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಜಾಗ. ಎದುರಿಗೆ ವೀರೇಂದ್ರ ಪಾಟೀಲರು. ಮಳೆ ಕೆಸರಲ್ಲಿ ಹಳ್ಳಿ ಹಳ್ಳಿಗೆ ಬಂದು ಕೈ ಮುಗಿದು ಓಟು ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆದ್ದರು. ಎರಡು ವರ್ಷದ ಹಿಂದೆ ಪಟ್ಟಿಗಳು ಮೇಲಕ್ಕೆ ಹೋಗುತ್ತಿದ್ದವು, ಈಗ ಅವರೇ ಕೆಳಗೆ ಬಂದಿದ್ದರು.

ಹೇಮಾವತಿ ದಂಡೆ · 9:59
ಅಜ್ಜ, ಇದನ್ನು ಮಗಳಿಗೆ ಓದಿ ಹೇಳಿದೆ. "ಪ್ರತಿ ಯಾರಿಗೆ ಹೋಗುತ್ತದೆ" ಅನ್ನೋದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಅರಸೀಕೆರೆ ತೆಂಗು · 10:12
ಚೀನಾದಲ್ಲಿ ನೋಡಿ. ಯಾಂಗ್ ಡಾಸಾಯ್ ಅಂತ ಒಬ್ಬ ಅಧಿಕಾರಿ. 2012ರ ಆಗಸ್ಟ್‌ನಲ್ಲಿ ಶಾನ್ಶಿ ಪ್ರಾಂತ್ಯದಲ್ಲಿ ಬಸ್ಸು ಅಪಘಾತ ಆಗಿ 36 ಜನ ಸತ್ತರು. ಅಲ್ಲಿಗೆ ಹೋಗಿ ನಗುತ್ತಾ ನಿಂತ. ಜನಕ್ಕೆ ಮೈ ಉರಿಯಿತು. ಹಳೇ ಫೋಟೋ ಹುಡುಕಿದರು. ಒಂದೊಂದರಲ್ಲಿ ಒಂದೊಂದು ದುಬಾರಿ ವಾಚು. ಮುಂದಿನ ವರ್ಷ 14 ವರ್ಷ ಜೈಲು ಹಾಕಿದರು. ಅಫಿಡವಿಟ್ಟೂ ಇಲ್ಲ, ನಾಲ್ಕು ವರ್ಷ ಕೋರ್ಟೂ ಇಲ್ಲ. ಕೆಲಸ ಆಯಿತಲ್ವಾ?

ಲೆಕ್ಕದ ಪುಸ್ತಕ · 10:30
ಆಯಿತು, ಒಬ್ಬರದು. ಆದರೆ ಅಧಿಕಾರಿಗಳು ಆದಾಯದ ವಿವರ ಕೊಡಬೇಕು ಅಂತ ಚೀನಾದಲ್ಲಿ 1995ರಿಂದಲೇ ನಿಯಮ ಇದೆ. 2010ರಲ್ಲಿ ಇನ್ನೂ ಬಿಗಿ ಮಾಡಿದರು. ಮನೆ, ಷೇರು, ಹೆಂಡತಿ ಮಕ್ಕಳು ವಿದೇಶದಲ್ಲಿ ನೆಲೆಸಿದ್ದಾರಾ, ಎಲ್ಲ ಬರೆಯಬೇಕು. ಪಕ್ಷಕ್ಕೆ ಮಾತ್ರ. ಜನಕ್ಕೆ ತೋರಿಸಲ್ಲ. ಯಾಂಗ್ ಅವರ ಕಾಗದವೂ ಆ ಬೀರುವಿನಲ್ಲಿ ಇದ್ದಿರಲೇಬೇಕಲ್ಲ? ಜನ ವಾಚು ಲೆಕ್ಕ ಹಾಕುವವರೆಗೆ ಯಾರೂ ಅದನ್ನು ತೆಗೆಯಲಿಲ್ಲ.

ಮೂಡಿಗೆರೆ ಮೇಷ್ಟ್ರು · 10:44
ತೆಂಗು ಅವರೇ, ಆ ಬೀರು ತೆಗೆಯಿರಿ ಅಂತ ಕೇಳಿದವರಿಗೆ ಏನಾಯಿತು ಅಂತಲೂ ನೋಡಿ. ಶೂ ಜಿಯೋಂಗ್ ಅನ್ನೋ ಕಾನೂನು ಪಂಡಿತರು, ಅವರ ಜೊತೆಯವರು ಅಧಿಕಾರಿಗಳ ಆಸ್ತಿ ಬಹಿರಂಗ ಮಾಡಿ ಅಂತ ಬೀದಿಯಲ್ಲಿ ಬ್ಯಾನರ್ ಹಿಡಿದರು. 2014ರ ಜನವರಿಯಲ್ಲಿ ಶೂ ಅವರಿಗೆ ನಾಲ್ಕು ವರ್ಷ ಜೈಲು. 2023ರಲ್ಲಿ ಬೇರೆ ಕೇಸಿನಲ್ಲಿ ಮತ್ತೆ 14 ವರ್ಷ. ವಾಚ್ ಕಟ್ಟಿದವರಿಗೂ 14, ವಾಚಿನ ಲೆಕ್ಕ ಕೊಡಿ ಅಂದವರಿಗೂ 14.

ಇದೇ ಹೊತ್ತಿಗೆ, 2013ರ ಡಿಸೆಂಬರ್‌ನಲ್ಲಿ, ಷಿ ಜಿನ್‌ಪಿಂಗ್ ಬೀಜಿಂಗ್‌ನ ಒಂದು ಮಾಮೂಲಿ ಹೋಟೆಲಿನಲ್ಲಿ ಸಾಲಿನಲ್ಲಿ ನಿಂತು 21 ಯುವಾನ್ ಕೊಟ್ಟು ಬಾವ್‌ಜಿ ತಿಂದರು. ನಮ್ಮ ಕಡುಬಿನ ಥರ ಹಬೆಯಲ್ಲಿ ಬೇಯಿಸೋದು. ಫೋಟೋ ದೇಶ ಪೂರ್ತಿ ಹೋಯಿತು. ಅದಕ್ಕೆ ಒಂದೂವರೆ ವರ್ಷ ಮುಂಚೆ ಅವರ ಸಂಬಂಧಿಕರ ಆಸ್ತಿ ಬಗ್ಗೆ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬರೆದಾಗ ಆ ವೆಬ್‌ಸೈಟನ್ನೇ ಚೀನಾದಲ್ಲಿ ಬಂದ್ ಮಾಡಿದ್ದರು. ಬಾವ್‌ಜಿ ಬಿಲ್ಲು ಎಲ್ಲರೂ ನೋಡಬಹುದು, ಆಸ್ತಿ ಪಟ್ಟಿ ಯಾರೂ ನೋಡುವಂತಿಲ್ಲ. ಅಧಿಕಾರಿಗಳು ಆ ಫೋಟೋ ನೋಡಿ ಕಲಿತರು: ವಾಚ್ ಬಿಚ್ಚಿಡಬೇಕು, ಊಟ ಸರಳ ಇರಬೇಕು.

ಬೇಲೂರು ಬಸ್ಸು · 10:51
ವಾಚ್ ಅಂದರೆ ನಮ್ಮಲ್ಲೂ 2016ರಲ್ಲಿ ಸಿದ್ದರಾಮಯ್ಯನವರ ಹೂಬ್ಲೋ ವಾಚ್ ಗಲಾಟೆ ಆಗಿತ್ತು. ವಿರೋಧ ಪಕ್ಷದವರು ಬಿಡಲಿಲ್ಲ. ಸ್ನೇಹಿತರು ಕೊಟ್ಟಿದ್ದು ಅಂದರು, ಕೊನೆಗೆ ಸ್ಪೀಕರ್ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು. 2015ರಲ್ಲಿ ಪುಟಿನ್ ವಕ್ತಾರ ಪೆಸ್ಕೋವ್ ಮದುವೆ ಫೋಟೋದಲ್ಲೂ ಅಂಥ ವಾಚ್ ಕಂಡಿತು. ಬೆಲೆ ಅವರ ಸಂಬಳಕ್ಕೆ ತಾಳೆಯೇ ಆಗಲ್ಲ. ಹೆಂಡತಿ ಕೊಟ್ಟಿದ್ದು ಅಂದರು, ಮುಗಿಯಿತು. ಈಗಲೂ ಅವರೇ ವಕ್ತಾರ.

ಆಲೂರು ಹುಡುಗಿ · 11:20
ಅಜ್ಜನ ಮಾತು ಹಿಡಿದುಕೊಂಡು ಹುಡುಕಿದೆ. ಇದು ಸಿಕ್ಕಿತು, ಎಲ್ಲರೂ ಓದಿ.

2022ರ ಡಿಸೆಂಬರ್‌ನಲ್ಲಿ, ಯುಕ್ರೇನ್ ಯುದ್ಧದ ಮಧ್ಯೆ, ಆಸ್ತಿ ವಿವರದ ನಿಯಮ ಸಡಿಲ ಮಾಡಿ ಪುಟಿನ್ ಆದೇಶ ಹೊರಡಿಸಿದರು. 2023ರ ಶುರುವಿನಲ್ಲಿ ಸಂಸದರಿಗೂ ಕಾನೂನು ಬದಲಾಯಿತು. ಯಾರ ಹೆಸರೂ ಇಲ್ಲದ ಒಟ್ಟು ಲೆಕ್ಕ ಮಾತ್ರ ಜನಕ್ಕೆ. ಆದರೆ ಗಮನಿಸಿ, ಆಗ ಸಂಸದರು ವಿವರ ಬರೆದು ಕೊಡೋದು ನಿಲ್ಲಲಿಲ್ಲ! ಪ್ರಕಟ ಮಾಡೋದು ಮಾತ್ರ ನಿಂತಿದ್ದು. ಅಂದರೆ ಫೈಲಿನ ಪ್ರತಿ ಉಳಿಯಿತು, ಮೇಲಿನವರ ಪ್ರತಿ ಉಳಿಯಿತು, ಜನರ ಪ್ರತಿ ಮಾತ್ರ ಹೋಯಿತು. ಹೇಮಾವತಿ ಅಕ್ಕ, ನಿಮ್ಮ ಮಗಳಿಗೆ ಇದೇ ಉತ್ತರ ಅಂತ ನನಗೆ ಅನಿಸುತ್ತದೆ.

ಯುಕ್ರೇನ್‌ನಲ್ಲೂ ಯುದ್ಧ ಅಂತ ಆಸ್ತಿ ವಿವರ ಮುಚ್ಚಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಇನ್ನೂ ಒಂದು ವರ್ಷ ಮುಚ್ಚಿಡೋ ಮಸೂದೆ ಪಾಸ್ ಆಯಿತು. ಜನ ಅರ್ಜಿ ಹಾಕಿದರು, 80 ಸಾವಿರಕ್ಕೂ ಜಾಸ್ತಿ ಸಹಿ ಬಿತ್ತು. ಜೆಲೆನ್ಸ್ಕಿ ಅದಕ್ಕೆ ಸಹಿ ಹಾಕದೆ ವಾಪಸ್ ಕಳಿಸಬೇಕಾಯಿತು. ಆ ವರ್ಷವೇ ವಿವರ ಮತ್ತೆ ತೆರೆಯಿತು. ಬಾಂಬ್ ಬೀಳುತ್ತಿದ್ದ ಊರಿನ ಜನ ಇದನ್ನು ಕೇಳಿದರು!

ಅರಸೀಕೆರೆ ತೆಂಗು · 11:41
ಸರಿ, ಇದನ್ನು ಒಪ್ಪುತ್ತೇನೆ. ಪ್ರತಿ ಯಾರ ಕೈಗೆ ಅನ್ನೋದು ನಾನು ಯೋಚನೆ ಮಾಡಿರಲಿಲ್ಲ. ಆದರೆ ನನ್ನ ಒಂದು ಪ್ರಶ್ನೆ ಉಳಿಯಿತು. ಜನಕ್ಕೆ ಸಿಗದಿದ್ದರೆ ಆ ಕಾಗದ ಪೂರ್ತಿ ದಂಡವಾ? ಬರೆಸದೇ ಇರೋದೇ ವಾಸಿಯಾ?

ಮೂಡಿಗೆರೆ ಮೇಷ್ಟ್ರು · 12:10
ಅಲ್ಲ. ಕಾಗದಕ್ಕೆ ಆಯಸ್ಸು ಜಾಸ್ತಿ. ಫಿಲಿಪ್ಪೀನ್ಸ್‌ನ ಮಾರ್ಕೋಸ್ ಎರಡು ದಶಕ ಆಳಿದರು. 1972ರಲ್ಲಿ ಮಿಲಿಟರಿ ಕಾನೂನು ಹಾಕಿದವರು. ಅಲ್ಲಿ 1955ರಿಂದ ಒಂದು ಕಾನೂನು ಇತ್ತು. ಕಾನೂನುಬದ್ಧ ಆದಾಯಕ್ಕೆ ತಾಳೆಯಾಗದ ಆಸ್ತಿ ಅಕ್ರಮ ಅಂತ ಭಾವಿಸಿ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಅವರು ಆಳುತ್ತಿದ್ದಾಗ ಅದನ್ನು ಅವರ ಮೇಲೆ ಹೂಡುವವರು ಯಾರಿದ್ದರು? 1986ರಲ್ಲಿ ಜನ ಎದ್ದರು, ಅವರು ದೇಶ ಬಿಟ್ಟರು. 2003ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಲೆಕ್ಕ ಹಾಕಿತು. ಗಂಡ ಹೆಂಡತಿಯ ಕಾನೂನುಬದ್ಧ ಆದಾಯ 3,04,372 ಡಾಲರ್. ಸ್ವಿಸ್ ಖಾತೆಯಲ್ಲಿ ಇದ್ದಿದ್ದು 65.8 ಕೋಟಿ ಡಾಲರ್. ಎರಡನ್ನೂ ಅಕ್ಕಪಕ್ಕ ಇಟ್ಟು ಆ ದುಡ್ಡು ದೇಶಕ್ಕೆ ಸೇರಿದ್ದು ಅಂದಿತು.

ಅದೇ ದೇಶದಲ್ಲಿ ಕಾಗದ ಕತ್ತಿಯೂ ಆಯಿತು. ಅಧ್ಯಕ್ಷ ಡುಟರ್ಟೆ ಕಾಲದಲ್ಲಿ, 2018ರಲ್ಲಿ, ಮುಖ್ಯ ನ್ಯಾಯಮೂರ್ತಿ ಸೆರೆನೊ ಅವರನ್ನು ಹಳೇ ವರ್ಷಗಳ ಆಸ್ತಿ ವಿವರ ಸಿಗುತ್ತಿಲ್ಲ ಅಂತ ಕಾರಣ ಕೊಟ್ಟು ತೆಗೆದರು. ಅವರು ಡುಟರ್ಟೆಯವರನ್ನು ಟೀಕಿಸಿದ್ದವರು. 2020ರಲ್ಲಿ ಆಸ್ತಿ ವಿವರ ಜನಕ್ಕೆ ಸಿಗದ ಹಾಗೆ ನಿಯಮ ಬಿಗಿ ಮಾಡಿದರು. ಆದ್ದರಿಂದ ಬರೆಸಲೇಬೇಕು, ಆದರೆ ಒಬ್ಬರ ಜೇಬಿಗೆ ಬಿಡಬಾರದು.

ಲೆಕ್ಕದ ಪುಸ್ತಕ · 12:25
ನಮ್ಮ ಲೋಕಾಯುಕ್ತ ಕಾಯಿದೆಯ ಸೆಕ್ಷನ್ 22 ನೆನಪಿಸಿಕೊಳ್ಳಿ. ಶಾಸಕರು, ಮಂತ್ರಿಗಳು ಪ್ರತಿ ವರ್ಷ ಜೂನ್ 30ರ ಒಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಜುಲೈ ಬಂದ ಕೂಡಲೇ ನಿಮ್ಮ ಶಾಸಕರು ಕೊಟ್ಟಿದ್ದಾರಾ ಅಂತ ಕೇಳಿ. ಯಾವ ಪಕ್ಷದವರಾದರೂ ಸರಿ. ಚುನಾವಣೆಯ ಅಫಿಡವಿಟ್ ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಸಿಗುತ್ತದೆ.

ಹೇಮಾವತಿ ದಂಡೆ · 2:15
ಊಟ ಮಾಡುತ್ತಾ ಎಲ್ಲ ಓದಿದೆವು. ಮಗಳು ನಮ್ಮ ಕ್ಷೇತ್ರದ ಮೂರು ಚುನಾವಣೆಯ ಅಫಿಡವಿಟ್ ಇಳಿಸಿಕೊಂಡು ಎಕರೆ ಲೆಕ್ಕ ಹಾಕುತ್ತಾ ಕೂತಿದ್ದಾಳೆ. ಅವಳು ಕೇಳುತ್ತಿದ್ದಾಳೆ, ರೈಟರ್ ಮಗ ಅವರೇ, ಆ ಕೆಂಪು ನೋಟ್‌ಬುಕ್ ಏನಾಯಿತು?

ರೈಟರ್ ಮಗ · 4:50
ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಬರೆಯೋದಾ ಬೇಡವಾ ಅಂತ ಮಧ್ಯಾಹ್ನದಿಂದ ಯೋಚನೆ ಮಾಡಿದೆ.

ಸಾಹುಕಾರರು ಹೋದ ಮೇಲೆ ತೋಟ ಮಾರಿದರು. ಹೊಸಬರು ಬಂಗಲೆ ಖಾಲಿ ಮಾಡಿಸಿ ಹಳೇ ಪುಸ್ತಕ ಎಲ್ಲ ಗೊಬ್ಬರದ ಗುಂಡಿ ಹತ್ತಿರ ಸುರಿದರು. ಅಪ್ಪ ಚೆಕ್‌ರೋಲ್‌ಗಳ ಜೊತೆ ಅದನ್ನೂ ಎತ್ತಿಕೊಂಡು ಬಂದು ಅಟ್ಟದ ಮೇಲೆ ಇಟ್ಟಿದ್ದರು. ಅವರು ತೀರಿಕೊಂಡ ವರ್ಷ ನಾನು ತೆಗೆದು ನೋಡಿದೆ.

ಮೇಸ್ತ್ರಿ ಹೆಸರು ಇತ್ತು. ಕಾವಲಿನವನದು, ಡ್ರೈವರ್‌ದು, ಅಡುಗೆಯವಳದು ಎಲ್ಲ ಇತ್ತು. ಒಂದು ಪುಟದಲ್ಲಿ ನಮ್ಮಪ್ಪನ ಹೆಸರು. ಮೆಣಸು, ಎರಡು ಸೇರು. ಪಕ್ಕದಲ್ಲಿ ತಾರೀಕು. ನನ್ನ ತಂಗಿಗೆ ಜ್ವರ ಬಂದು ಸಕಲೇಶಪುರದ ಆಸ್ಪತ್ರೆಗೆ ಸೇರಿಸಿದ ವಾರ ಅದು. ಒಂದೇ ಸಲ. ಬೇರೆ ಎಲ್ಲೂ ಅವರ ಹೆಸರಿಲ್ಲ.

ಅಪ್ಪ 22 ವರ್ಷ ಆ ತೋಟದಲ್ಲಿದ್ದರು. ಆಳುಗಳು ಯೂನಿಯನ್ ಮೀಟಿಂಗಿಗೆ ಕರೆಯೋಕೆ ಬಂದಾಗಲೆಲ್ಲ ಒಳಗಿನ ರೂಮಿಗೆ ಹೋಗಿ ಮಲಗಿಕೊಳ್ಳುತ್ತಿದ್ದರು. ಇಲ್ಲ ಅಂತ ಹೇಳು ಅಂತ ನನಗೆ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತು ಹಾಗೇ ಹೇಳುತ್ತಿದ್ದೆ.